ಲಿವರ್ ವರದಿಯೊಳಗೆ ಹೃದಯದ ಸುದ್ದಿ



ಇಂದು ನಾನು ಮಾತಾಡುವುದು ಒಂದು ಕಾಗದದ ಬಗ್ಗೆ. ಅದು ಹೊಟ್ಟೆಯ ಸೋನೋಗ್ರಫಿ ವರದಿ. ಬೀದರಿನದಿರಲಿ, ಭಾಲ್ಕಿಯದಿರಲಿ, ಔರಾದದ್ದಿರಲಿ, ಇಲ್ಲಿ ಕೂತ ಅನೇಕರ ಮನೆಯಲ್ಲಿ ಅಂಥದೊಂದು ಇದ್ದೇ ಇರುತ್ತದೆ. ಪಿತ್ತಕೋಶದಲ್ಲೋ ಕಿಡ್ನಿಯಲ್ಲೋ ಕಲ್ಲು ಇರಬಹುದೆಂದು ಮಾಡಿಸಿರುತ್ತೀರಿ. ಕಲ್ಲು ಸಿಕ್ಕಿರುವುದಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬರೆದಿರುತ್ತದೆ. ‘ಇದೇನ್ ಅದರೀ ಡಾಕ್ಟ್ರೇ?’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ: ‘ಏನಿಲ್ಲ ಬಿಡ್ರಿ, ಈಗ ಎಲ್ಲಾರಿಗೂ ಇರ್ತದ. ಎಣ್ಣಿ ಕಮ್ಮಿ ಮಾಡ್ರಿ.’

ಈ ಉತ್ತರದ ಎರಡು ತುಂಡುಗಳ ಮೇಲೂ ನನಗೆ ತಕರಾರು ಇದೆ. ಎಲ್ಲರಿಗೂ ಇರುತ್ತದೆ ಎಂಬುದು ಅರ್ಧ ನಿಜ. ನಮ್ಮ ದೇಶದ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2022ರಲ್ಲಿ ಕೊಟ್ಟ ಲೆಕ್ಕದಂತೆ ವಯಸ್ಕರಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಫ್ಯಾಟಿ ಲಿವರ್ ಇದೆ. ಬಹಳ ಜನರಿಗಿದೆ ಎಂಬ ಮಾತ್ರಕ್ಕೆ ಅದು ನಿರುಪದ್ರವಿ ಆಗುವುದಿಲ್ಲ. ಇನ್ನು ಎಣ್ಣೆಯ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಫ್ಯಾಟಿ ಲಿವರ್ ಎಂದಾಗ ಜನರಿಗೆ ಎರಡು ಹೆದರಿಕೆ: ಕಾಮಾಲೆ ಬಂದೀತು, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬೀತು. ಕೆಲವರಿಗೆ ಹಾಗೆ ಆಗುವುದೂ ಉಂಟು. ಆದರೆ ಫ್ಯಾಟಿ ಲಿವರ್ ಇರುವವರು ಹೆಚ್ಚಾಗಿ ಸಾಯುವುದು ಲಿವರಿನಿಂದಲ್ಲ, ಹೃದಯ ಮತ್ತು ರಕ್ತನಾಳದ ರೋಗದಿಂದ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 36 ಅಧ್ಯಯನಗಳ, ಸುಮಾರು 58 ಲಕ್ಷ ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಫ್ಯಾಟಿ ಲಿವರ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಮುಂತಾದವುಗಳ ಅಪಾಯ ಇಲ್ಲದವರಿಗಿಂತ ಶೇ 45ರಷ್ಟು ಹೆಚ್ಚು ಕಂಡಿತು. ಲಿವರ್ ನಾರುಗಟ್ಟಿ ಗಡುಸಾದವರಲ್ಲಿ, ಅಂದರೆ ಫೈಬ್ರೋಸಿಸ್ ಮುಂದುವರಿದವರಲ್ಲಿ, ಅಪಾಯ ಎರಡೂವರೆ ಪಟ್ಟು. ಹೊಟ್ಟೆಯ ವರದಿ ಎಂದು ನಾವು ಮಡಚಿಟ್ಟ ಕಾಗದ ಎದೆಯ ವಿಷಯವನ್ನೂ ಹೇಳುತ್ತಿರುತ್ತದೆ.

ಲಿವರಿಗೂ ಹೃದಯಕ್ಕೂ ಕೊಂಡಿ ಇನ್ಸುಲಿನ್. ಇನ್ಸುಲಿನ್ ಎಂದರೆ ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಔಷಧ ಎಂದಷ್ಟೇ ನಮಗೆ ಗೊತ್ತು. ಆರೋಗ್ಯವಂತರ ಮೈಯಲ್ಲಿ ಮೇದೋಜೀರಕ ಗ್ರಂಥಿ ಅದನ್ನು ಊಟದ ನಂತರ ಸುರಿಸುತ್ತದೆ, ಮೂರು ಕಡೆ ಅದರ ಆಜ್ಞೆ ನಡೆಯುತ್ತದೆ. ಸ್ನಾಯುಗಳಿಗೆ, ‘ರಕ್ತದ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿ.’ ಲಿವರಿಗೆ, ‘ನೀನು ಸಕ್ಕರೆ ತಯಾರಿಸುವುದನ್ನು ನಿಲ್ಲಿಸು.’ ಕೊಬ್ಬಿನ ಅಂಗಾಂಶಕ್ಕೆ, ‘ಕೂಡಿಟ್ಟ ಕೊಬ್ಬನ್ನು ಹೊರಗೆ ಬಿಡಬೇಡ.’ ವರ್ಷಗಟ್ಟಲೆ ಹೆಚ್ಚು ತಿಂದು ಕಡಿಮೆ ದುಡಿದ ಮೈಯಲ್ಲಿ ಈ ಆಜ್ಞೆಗೆ ಬೆಲೆ ಕಡಿಮೆಯಾಗುತ್ತದೆ. ಕಿವಿ ಮಂದವಾದ ಅಜ್ಜನ ಮುಂದೆ ಮನೆಮಂದಿ ದನಿ ಏರಿಸುವ ಹಾಗೆ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಕೆಲಸ ಸಾಗಿಸುತ್ತದೆ. ಇದನ್ನೇ ಇನ್ಸುಲಿನ್ ಪ್ರತಿರೋಧ ಎನ್ನುವುದು. ಗ್ರಂಥಿ ಹೀಗೆ ಗುದ್ದಾಡುತ್ತಿರುವ ತನಕ ರಕ್ತದ ಸಕ್ಕರೆ ನಾರ್ಮಲ್ ಬರುತ್ತಲೇ ಇರುತ್ತದೆ. ‘ನನಗ ಶುಗರ್ ಇಲ್ಲ’ ಎಂದು ನಿಶ್ಚಿಂತರಾಗಿರುವ ಹಲವರು ಇರುವುದು ಈ ಹಂತದಲ್ಲಿ.

ಈಗ ಎಣ್ಣೆಯ ಲೆಕ್ಕ. ಲಿವರಿನಲ್ಲಿ ತುಂಬಿದ ಕೊಬ್ಬು ಎಲ್ಲಿಂದ ಬಂತು ಎಂದು ಅಮೆರಿಕದ ಮಿನೆಸೋಟದಲ್ಲಿ ಗುರುತು ಹಚ್ಚಿದ ಅಣುಗಳನ್ನು ಬಳಸಿ ಅಳೆದರು. 2005ರಲ್ಲಿ ಪ್ರಕಟವಾದ ಅಧ್ಯಯನ ಅದು. ರೋಗಿಗಳು ಬೆರಳೆಣಿಕೆಯವರು, ಆದರೆ ಅಳತೆ ಗಟ್ಟಿಯಾದದ್ದು. ಲಿವರಿನ ಕೊಬ್ಬಿನಲ್ಲಿ ಶೇ 59 ಬಂದದ್ದು ಮೈಯ ಕೊಬ್ಬಿನಿಂದಲೇ ಸೋರಿ ರಕ್ತಕ್ಕೆ ಸೇರಿದ ಕೊಬ್ಬಿನಾಮ್ಲಗಳಿಂದ. ಶೇ 26ನ್ನು ಲಿವರ್ ತಾನೇ ಹೊಸದಾಗಿ ತಯಾರಿಸಿತ್ತು. ಅದಕ್ಕೆ ಕಚ್ಚಾ ಮಾಲು ಸಕ್ಕರೆ, ಪಿಷ್ಟ. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ 15 ಮಾತ್ರ. ‘ಎಣ್ಣಿ ಕಮ್ಮಿ ಮಾಡ್ರಿ’ ಎಂಬ ಸಲಹೆ ಮುಟ್ಟುವುದು ಮುಖ್ಯವಾಗಿ ಈ ಕೊನೆಯ ಪಾಲನ್ನು. ಮಿರ್ಚಿ ಭಜಿ ಬಿಟ್ಟೆನೆಂದು ಹೇಳಿ ದಿನಕ್ಕೆ ಐದಾರು ಕಪ್ಪು ಸಿಹಿ ಚಹಾ ಕುಡಿಯುವವರನ್ನು ನಾನು ಎಷ್ಟೋ ನೋಡಿದ್ದೇನೆ.

ಇಲ್ಲೊಂದು ವಿಚಿತ್ರವಿದೆ. ಸಕ್ಕರೆ ತಯಾರಿ ನಿಲ್ಲಿಸು ಎಂಬ ಇನ್ಸುಲಿನ್ ಮಾತನ್ನು ಲೆಕ್ಕಕ್ಕಿಡದ ಲಿವರ್, ಕೊಬ್ಬು ತಯಾರಿಸು ಎಂಬ ಅದೇ ಇನ್ಸುಲಿನ್ ಮಾತನ್ನು ಮಾತ್ರ ಚೆನ್ನಾಗಿ ಪಾಲಿಸುತ್ತದೆ. ಕೊಲೆಸ್ಟರಾಲ್ ಸಂಶೋಧನೆಗೆ ನೊಬೆಲ್ ಪಡೆದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ 2008ರಲ್ಲಿ ಈ ಇಬ್ಬಂದಿತನವನ್ನು ಎತ್ತಿ ತೋರಿಸಿದರು. ಪರಿಣಾಮ ಎರಡೂ ಕಡೆಯಿಂದ ನಷ್ಟ. ಇನ್ಸುಲಿನ್ ಏರಿದಷ್ಟೂ ಕೊಬ್ಬು ತಯಾರಾಗುತ್ತದೆ. ತುಂಬಿ ತುಳುಕಿದ ಲಿವರ್ ಅದರಲ್ಲಿ ಒಂದಷ್ಟನ್ನು ಟ್ರೈಗ್ಲಿಸರೈಡ್ ತುಂಬಿದ ಕಣಗಳಾಗಿ ರಕ್ತಕ್ಕೆ ಕಳಿಸುತ್ತದೆ. ಆಗ ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಎನಿಸಿದ ಎಚ್‌ಡಿಎಲ್ ಇಳಿಯುತ್ತದೆ, ಕೆಟ್ಟ ಕೊಲೆಸ್ಟರಾಲ್ ಎನಿಸಿದ ಎಲ್‌ಡಿಎಲ್ ಕಣಗಳು ಸಣ್ಣದಾಗಿ, ದಟ್ಟವಾಗಿ, ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುವಂತಾಗುತ್ತವೆ. ಹೃದಯದ ರಕ್ತನಾಳ ಕಟ್ಟುವ ಕಥೆ ಇಲ್ಲಿಂದ ಶುರು.

ಹಾಗಾದರೆ ಈ ಪ್ರತಿರೋಧವನ್ನು ಅಳೆಯುವುದು ಹೇಗೆ? ಸಕ್ಕರೆ ಕಾಯಿಲೆಯವರೆಲ್ಲ ಇನ್ಸುಲಿನ್ನಿಗೆ ಒಂದೇ ರೀತಿ ಓಗೊಡುವುದಿಲ್ಲ ಎಂದು ಲಂಡನ್ನಿನ ಹಿಮ್ಸ್‌ವರ್ತ್ 1936ರಲ್ಲೇ ತೋರಿಸಿದ್ದರು. ರಕ್ತದಲ್ಲಿನ ಇನ್ಸುಲಿನ್ ಅಳೆಯುವ ನಿಖರ ವಿಧಾನವನ್ನು ಬರ್ಸನ್ ಮತ್ತು ಯಾಲೋ 1960ರ ಹೊತ್ತಿಗೆ ಕಟ್ಟಿಕೊಟ್ಟರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಇವತ್ತಿಗೂ ಅತ್ಯಂತ ನಂಬಿಕೆಯದು 1979ರಲ್ಲಿ ಡಿಫ್ರಾಂಜೊ ರೂಪಿಸಿದ ಕ್ಲಾಂಪ್ ಪರೀಕ್ಷೆ. ಒಂದು ನಾಳಕ್ಕೆ ಇನ್ಸುಲಿನ್, ಇನ್ನೊಂದಕ್ಕೆ ಗ್ಲೂಕೋಸ್ ಹರಿಸುತ್ತ ಗಂಟೆಗಟ್ಟಲೆ ಅಳೆಯಬೇಕು. ಅದು ಸಂಶೋಧನಾಲಯಕ್ಕೆ ಸರಿ, ಮನ್ನಳ್ಳಿಯಂಥ ಹಳ್ಳಿಗಲ್ಲ.

ಅದಕ್ಕೆ ಬದಲಾಗಿ 1985ರಲ್ಲಿ ಆಕ್ಸ್‌ಫರ್ಡ್‌ನಿಂದ ಹೋಮಾ-ಐಆರ್ ಬಂತು. ಖಾಲಿ ಹೊಟ್ಟೆಯ ಸಕ್ಕರೆಯನ್ನು ಖಾಲಿ ಹೊಟ್ಟೆಯ ಇನ್ಸುಲಿನ್ನಿನಿಂದ ಗುಣಿಸಿ 405ರಿಂದ ಭಾಗಿಸುವುದು. ಸಕ್ಕರೆ 108, ಇನ್ಸುಲಿನ್ 15 ಇದ್ದರೆ ಉತ್ತರ 4. ಪ್ರತಿರೋಧ ಇದೆ ಎಂದರ್ಥ. ಈಗ ಊರಿನ ಲ್ಯಾಬುಗಳ ಪ್ಯಾಕೇಜಿನಲ್ಲೂ ಇದು ಸೇರಿಕೊಂಡಿದೆ. ನನಗೆ ಇದರ ಮೇಲೆ ಅಷ್ಟು ಪ್ರೀತಿ ಇಲ್ಲ. ಇನ್ಸುಲಿನ್ ಅಳತೆ ಲ್ಯಾಬಿನಿಂದ ಲ್ಯಾಬಿಗೆ ಬೇರೆ ಬರುತ್ತದೆ, ಒಬ್ಬರಲ್ಲೇ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಲೆಕ್ಕವೇ ಕೆಡುತ್ತದೆ. ಸಂಶೋಧಕರಿಗೆ ಒಳ್ಳೆಯ ಸಾಧನ, ರೈತನ ಜೇಬಿಗೆ ದಂಡ.

ಇದಕ್ಕಿಂತ ಅಗ್ಗದ್ದು ಮೆಕ್ಸಿಕೊದಿಂದ ಬಂತು. ಬಡವರು ಹೆಚ್ಚಿರುವ ಕಡೆ ಇನ್ಸುಲಿನ್ ಪರೀಕ್ಷೆ ಸಿಗುವುದಿಲ್ಲವೆಂದೇ ಅಲ್ಲಿನ ವೈದ್ಯರು 2008ರಲ್ಲಿ ಟ್ರೈಗ್ಲಿಸರೈಡ್ ಮತ್ತು ಸಕ್ಕರೆ ಎರಡನ್ನೇ ಕೂಡಿಸಿ ಟಿವೈಜಿ ಸೂಚ್ಯಂಕ ಮಾಡಿದರು. ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡನ್ನು ಖಾಲಿ ಹೊಟ್ಟೆಯ ಸಕ್ಕರೆಯಿಂದ ಗುಣಿಸಿ, ಎರಡರಿಂದ ಭಾಗಿಸಿ, ಬಂದದ್ದಕ್ಕೆ ಸಹಜ ಲಾಗರಿದಮ್ ತೆಗೆಯುವುದು. ಟ್ರೈಗ್ಲಿಸರೈಡ್ 210, ಸಕ್ಕರೆ 108 ಇರುವವರಿಗೆ ಇದು 9.34. ಅವರೇ ಮೈ ಇಳಿಸಿ ಟ್ರೈಗ್ಲಿಸರೈಡ್ 150ಕ್ಕೆ, ಸಕ್ಕರೆ 100ಕ್ಕೆ ತಂದರೆ 8.92. ನೋಡಲು ಸಣ್ಣ ಇಳಿಕೆ, ಲಾಗರಿದಮ್ಮಿನಲ್ಲಿ ದೊಡ್ಡದು. ತಮಾಷೆಯೆಂದರೆ ಕೆಲವು ಪ್ರಬಂಧಗಳಲ್ಲಿ ಆವರಣ ಚಿಹ್ನೆ ತಪ್ಪು ಜಾಗದಲ್ಲಿ ಕೂತು, ಮೊದಲು ಲಾಗರಿದಮ್ ತೆಗೆದು ಆಮೇಲೆ ಎರಡರಿಂದ ಭಾಗಿಸಿದ್ದಾರೆ. ಹಾಗೆ ಮಾಡಿದರೆ ಅದೇ ವ್ಯಕ್ತಿಗೆ 5.01 ಬರುತ್ತದೆ. ಮೊಬೈಲಿನಲ್ಲಿ ಸಿಕ್ಕ ಕ್ಯಾಲ್ಕುಲೇಟರ್ ‘ನಿಮಗೆ ಏನೂ ಇಲ್ಲ’ ಎಂದರೆ ಈ ಆವರಣವನ್ನು ಒಮ್ಮೆ ಪರೀಕ್ಷಿಸಿರಿ. ಎಲ್ಲ ದೇಶಗಳೂ ಒಪ್ಪಿದ ಒಂದು ಗಡಿ ಅಂಕಿ ಟಿವೈಜಿಗೆ ಇನ್ನೂ ಇಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಲಾಗರಿದಮ್ ಬೇಡವೆನ್ನುವವರಿಗೆ ಇನ್ನೂ ಸುಲಭದ್ದು ಇದೆ. ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ. 210ನ್ನು 35ರಿಂದ ಭಾಗಿಸಿದರೆ 6. ಮೂರು, ಮೂರೂವರೆ ದಾಟಿದರೆ ಇನ್ಸುಲಿನ್ ಪ್ರತಿರೋಧದ ಅನುಮಾನ ಪಡಬೇಕು. ಏಳನೇ ತರಗತಿಯ ಹುಡುಗಿ ಅಜ್ಜನ ವರದಿ ನೋಡಿ ಮಾಡಬಹುದಾದ ಲೆಕ್ಕ ಇದು.

ಈ ಅಂಕಿಗಳು ಹೃದಯದ ಬಗ್ಗೆ ನಿಜಕ್ಕೂ ಏನಾದರೂ ಹೇಳುತ್ತವೆಯೆ? ಪ್ಯೂರ್ ಎಂಬ ಜಾಗತಿಕ ಅಧ್ಯಯನ 22 ದೇಶಗಳ 1,41,243 ಜನರಲ್ಲಿ ಟಿವೈಜಿ ಲೆಕ್ಕ ಹಾಕಿ, ಹದಿಮೂರು ವರ್ಷಗಳಷ್ಟು ಕಾಲ ಅವರನ್ನು ಗಮನಿಸಿತು. ಈ ಅಧ್ಯಯನದಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಇದೆ. 2023ರಲ್ಲಿ ಬಂದ ಫಲಿತಾಂಶದಂತೆ ಟಿವೈಜಿ ಅತಿ ಹೆಚ್ಚು ಇದ್ದ ಮೂರನೇ ಒಂದು ಪಾಲಿನವರಿಗೆ ಹೃದಯ ಮತ್ತು ರಕ್ತನಾಳದ ಆಘಾತಗಳ ಅಪಾಯ, ಅತಿ ಕಡಿಮೆ ಇದ್ದ ಪಾಲಿಗಿಂತ, ಶೇ 21ರಷ್ಟು ಹೆಚ್ಚು. ಈ ನಂಟು ಕಂಡದ್ದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ; ಶ್ರೀಮಂತ ದೇಶಗಳಲ್ಲಿ ಸ್ಪಷ್ಟವಾಗಿ ಕಾಣಲಿಲ್ಲ. ನಮ್ಮಂಥವರಿಗೆ ಹೊಂದುವ ಅಳತೆಗೋಲು ಎನ್ನಲು ಇದು ನನಗೆ ಸಾಕು. ಆದರೂ ಇದು ಬರೀ ಸೂಚಕ. ಹೊಗೆಸೊಪ್ಪು, ಗುಟ್ಕಾ, ಬಿ.ಪಿ., ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ, ಇವುಗಳ ಜಾಗವನ್ನು ಅದು ತುಂಬುವುದಿಲ್ಲ.

‘ಲಿವರಿನಲ್ಲಿ ಕೊಬ್ಬು ಇದೆ ಎಂದು ಗೊತ್ತಾದರೆ ಸಾಕಲ್ಲ, ಈ ಅಂಕಿಗಳೆಲ್ಲ ಯಾಕೆ?’ ಎಂದು ಯಾರಾದರೂ ಕೇಳಬೇಕು. ಇಡೀ ವಿಷಯದ ರುಚಿಕಟ್ಟಾದ ಭಾಗ ಅದೇ. 2008ರಲ್ಲಿ ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯ ಒಂದು ರೂಪಭೇದ ಪತ್ತೆಯಾಯಿತು. ಅದನ್ನು ಹೊತ್ತವರ ಲಿವರಿನಲ್ಲಿ ಹುಟ್ಟಿನಿಂದಲೇ ಕೊಬ್ಬು ಕೂಡುವ ಪ್ರವೃತ್ತಿ ಹೆಚ್ಚು. ಲಿವರ್ ಕೊಬ್ಬೇ ಹೃದಯದ ಶತ್ರು ಆಗಿದ್ದರೆ ಇವರಲ್ಲಿ ಹೃದಯಾಘಾತ ಹೆಚ್ಚಾಗಬೇಕಿತ್ತು. ಆಗಲಿಲ್ಲ. ಟಿಎಂ6ಎಸ್‌ಎಫ್2 ಎಂಬ ಇನ್ನೊಂದು ವಂಶವಾಹಿಯ ಭೇದದಲ್ಲಿ ಲಿವರ್ ಕೊಬ್ಬನ್ನು ರಕ್ತಕ್ಕೆ ಬಿಡದೆ ಒಳಗೇ ಹಿಡಿದಿಡುತ್ತದೆ. ಅಂಥವರಿಗೆ ಲಿವರಿನ ತೊಂದರೆ ಹೆಚ್ಚು, ಹೃದಯದ ಅಪಾಯ ಕಡಿಮೆ. ಸೋನೋಗ್ರಫಿಯ ಪರದೆಯ ಮೇಲೆ ಕೊಬ್ಬು ಕೂಡಿದ ಎಲ್ಲರ ಲಿವರೂ ಒಂದೇ ಥರ ಬೆಳ್ಳಗೆ ಕಾಣುತ್ತದೆ. ಒಬ್ಬರಿಗೆ ಅದು ವಂಶದಿಂದ ಬಂದದ್ದು, ಇನ್ನೊಬ್ಬರಿಗೆ ಇನ್ಸುಲಿನ್ ಪ್ರತಿರೋಧದಿಂದ. ಎರಡನೆಯವರ ಹೃದಯಕ್ಕೆ ಗಂಡಾಂತರ. ಯಾರು ಯಾರೆಂದು ಸೋನೋಗ್ರಫಿ ಹೇಳಲಾರದು, ಟ್ರೈಗ್ಲಿಸರೈಡ್, ಎಚ್‌ಡಿಎಲ್ ತೋರಿಸುವ ರಕ್ತ ಪರೀಕ್ಷೆ, ಅಂದರೆ ಲಿಪಿಡ್ ಪ್ರೊಫೈಲ್, ಸುಮಾರಾಗಿ ಹೇಳುತ್ತದೆ. ಅದಕ್ಕೇ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಬೇಕೆಂದು ನಾನು ಹಟ ಹಿಡಿಯುವುದು.

‘ನಾವು ಹೊಲದಾಗ ದುಡಿಯೋ ಮಂದಿ, ಮೈಯಾಗ ಬೊಜ್ಜಿಲ್ಲ, ಇದು ಪ್ಯಾಟಿ ಮಂದಿ ರೋಗ’ ಎಂಬ ಮಾತು ಈ ಭಾಗದಲ್ಲಿ ಕೇಳುತ್ತಿರುತ್ತೇನೆ. ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ. ಬಡ ರೈತಾಪಿ ಜನ, ತೆಳ್ಳನೆಯ ಮೈ. ಆದರೂ ನೂರಕ್ಕೆ 8.7 ಮಂದಿಯಲ್ಲಿ ಫ್ಯಾಟಿ ಲಿವರ್ ಸಿಕ್ಕಿತು, ಅವರಲ್ಲಿ ಮುಕ್ಕಾಲು ಪಾಲಿನವರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 25ಕ್ಕಿಂತ ಕಡಿಮೆ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐಯೂ 22.3. ಮೈಯ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತೂಕದ ಯಂತ್ರ ನಮ್ಮ ಬಗ್ಗೆ ಸುಳ್ಳು ಹೇಳುತ್ತದೆ. ನಮಗೆ ಟೇಪು ಬೇಕು. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದನ್ನು ದಾಟಬಾರದು.

ತೆಳ್ಳನೆಯ ಮೈಯಲ್ಲಿ ಅಡಗಿದ ಈ ಕೊಬ್ಬಿನ ಬೇರು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಸಾಕ್ಷಿ ಇದೆ, ನಾವು ಅದನ್ನು ಸಾಕಷ್ಟು ಹೇಳಿಕೊಂಡಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಎನ್ನುವುದು. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲು ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಬರೆದವರಿಗೆ ಅದು ದಿನದ ಕೆಲಸ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಮತ್ತು ಕ್ಯಾರೊಲೈನ್ ಫಾಲ್ ಅವರ ತಂಡ ಆಸ್ಪತ್ರೆಯವರ ಜತೆಗೂಡಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಲ್ಲೇ ಉಳಿದಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ರೋಗವಿತ್ತು. ಮೂರು ಕಿಲೋ ಮೀರಿ ಹುಟ್ಟಿದವರಲ್ಲಿ ನೂರಕ್ಕೆ 3 ಮಂದಿಗೆ. 1996ರಲ್ಲಿ ಇದು ಪ್ರಕಟವಾಯಿತು. ಗರ್ಭದಲ್ಲಿ ಹೊಟ್ಟೆಗಿಲ್ಲದ ಕೂಸು ಸ್ನಾಯು ಬೆಳೆಸುವುದನ್ನು ಬಿಟ್ಟು ಕೊಬ್ಬನ್ನು ಕಾಯ್ದುಕೊಳ್ಳುತ್ತದೆ ಎಂಬುದು ಈಗಿನ ತಿಳಿವಳಿಕೆ. ಬರಗಾಲದಲ್ಲಿ ಹುಟ್ಟಿ ಸುಭಿಕ್ಷದಲ್ಲಿ ತಿಂದ ಮೈಗೆ ಇನ್ಸುಲಿನ್ ಪ್ರತಿರೋಧ ಬೇಗ ಹತ್ತುತ್ತದೆ. ಬೀದರ್ ಜಿಲ್ಲೆಯವರಿಗೆ 1972ರ ಬರವನ್ನು ನಾನು ನೆನಪಿಸಬೇಕಿಲ್ಲ. ಆಗ ಹುಟ್ಟಿದವರಿಗೆ ಈಗ ಹೃದಯಾಘಾತದ ವಯಸ್ಸು. ಗರ್ಭಿಣಿಯ ತಾಟಿನಲ್ಲಿ ಬೇಳೆ, ತಪ್ಪಲು ಪಲ್ಯ, ಹಾಲು, ಮೊಟ್ಟೆ ಇರಬೇಕೆನ್ನುವುದು ಐವತ್ತು ವರ್ಷ ಮುಂದಿನ ಹೃದಯಕ್ಕೂ ಸಂಬಂಧಪಟ್ಟ ಮಾತು.

ಈಗಿನ ಮಕ್ಕಳ ಕಥೆ ಬೇರೆ ದಿಕ್ಕಿನದು. ಓದು ಮುಗಿಸಿದ ನಮ್ಮ ಹುಡುಗರು ಹೈದರಾಬಾದಿನ ಬಸ್ಸು ಹತ್ತುತ್ತಾರೆ. ಅಲ್ಲಿನ ಐಟಿ ಕಂಪನಿಗಳ 345 ನೌಕರರನ್ನು ಹೈದರಾಬಾದ್ ವಿಶ್ವವಿದ್ಯಾಲಯದವರು ಎಐಜಿ ಆಸ್ಪತ್ರೆಯ ವೈದ್ಯರ ಜತೆ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದರು. ನೂರಕ್ಕೆ 84 ಮಂದಿಗೆ ಫ್ಯಾಟಿ ಲಿವರ್. ಸಂಬಳ ಎಷ್ಟೆಂದು ಮಗನನ್ನು ಕೇಳುವ ನಾವು ಸೊಂಟ ಎಷ್ಟೆಂದೂ ಕೇಳಬೇಕಾದ ಕಾಲ.

2023ರಲ್ಲಿ ಜಗತ್ತಿನ ಲಿವರ್ ತಜ್ಞರು ಈ ರೋಗದ ವ್ಯಾಖ್ಯೆಯನ್ನೇ ಬದಲಿಸಿದರು. ಲಿವರಿನಲ್ಲಿ ಕೊಬ್ಬಿನ ಜತೆಗೆ ಐದರಲ್ಲಿ ಒಂದಾದರೂ ಇರಬೇಕು: ದಪ್ಪ ಮೈ ಅಥವಾ ದಪ್ಪ ಸೊಂಟ, ಏರಿದ ಸಕ್ಕರೆ, ಏರಿದ ರಕ್ತದೊತ್ತಡ, 150 ಅಥವಾ ಹೆಚ್ಚಿನ ಟ್ರೈಗ್ಲಿಸರೈಡ್, ಇಳಿದ ಎಚ್‌ಡಿಎಲ್. ಐದೂ ಹೃದ್ರೋಗ ತಜ್ಞರ ಪಟ್ಟಿಯಿಂದ ಬಂದವು. ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ತಪಾಸಣೆಯವರು ಮನೆ ಬಾಗಿಲಿಗೆ ಬರುತ್ತಾರೆ. ಬಂದಾಗ ಹೊಲಕ್ಕೆ ಹೋಗಿದ್ದಾರೆಂದು ಹೇಳಿ ಕಳಿಸಬೇಡಿ.

ಮಾಡಬೇಕಾದ್ದೇನು? ತೂಕ ಹೆಚ್ಚಿದ್ದವರು ಶೇ 5 ಇಳಿಸಿದರೆ ಲಿವರಿನ ಕೊಬ್ಬು ಕರಗತೊಡಗುತ್ತದೆ. ಶೇ 7ರಿಂದ 10ರಷ್ಟು ಇಳಿಸಿದರೆ ಉರಿಯೂತವೂ ಕೆಲವರಲ್ಲಿ ನಾರುಗಟ್ಟಿದ್ದೂ ತಗ್ಗುತ್ತದೆ. ಎಂಬತ್ತು ಕಿಲೋದವರಿಗೆ ಅದು ಸುಮಾರು ಆರರಿಂದ ಎಂಟು ಕಿಲೋ. ಅದಕ್ಕೆ ಊಟದ ಮಾದರಿ ನಮ್ಮಲ್ಲೇ ಇದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಉಣ್ಣುವ ಭಜ್ಜಿ, ಜೋಳದ ರೊಟ್ಟಿ, ಅಂಬಲಿ, ಅದರಲ್ಲಿನ ಕಾಳು ಮತ್ತು ತಪ್ಪಲು ಪಲ್ಯಗಳ ಪ್ರಮಾಣ ನೋಡಿ. ಯಾವ ಪಟ್ಟಣದ ಆಹಾರ ತಜ್ಞರೂ ಅದಕ್ಕಿಂತ ಒಳ್ಳೆಯ ತಾಟು ಬರೆದುಕೊಡಲಾರರು. ನಮ್ಮ ತಪ್ಪು ಅದನ್ನು ವರ್ಷಕ್ಕೊಂದು ದಿನಕ್ಕೆ ಮೀಸಲಿಟ್ಟದ್ದು. ಉಳಿದ ದಿನ ಅನ್ನ, ಬಿಸ್ಕೀಟು, ಬಾಟಲಿಯ ಸಿಹಿನೀರು. ಕಬ್ಬು ಬೆಳೆಯುವ ಜಿಲ್ಲೆಯಲ್ಲಿ ಬೆಲ್ಲಕ್ಕೆ ರಿಯಾಯಿತಿ ಕೊಡಿ ಎಂದು ಕೇಳುವವರೂ ಇದ್ದಾರೆ. ಲಿವರಿಗೆ ಬೆಲ್ಲವೂ ಸಕ್ಕರೆಯೇ.

ಔಷಧದ ವಿಷಯದಲ್ಲಿ ಎರಡು ಎಚ್ಚರಿಕೆ. ಹೃದಯಕ್ಕೆಂದು ಸ್ಟ್ಯಾಟಿನ್ ಗುಳಿಗೆ ತೆಗೆದುಕೊಳ್ಳುವವರು ವರದಿಯಲ್ಲಿ ‘ಲಿವರ್’ ಎಂದು ಕಂಡೊಡನೆ ಹೆದರಿ ಅದನ್ನು ಬಿಡುತ್ತಾರೆ. ಫ್ಯಾಟಿ ಲಿವರ್ ಇರುವವರಿಗೆ ಸ್ಟ್ಯಾಟಿನ್ ಸುರಕ್ಷಿತ. ಬಿಟ್ಟರೆ ಹೃದಯಕ್ಕೆ ನಷ್ಟ. ಎರಡನೆಯದು, ಲಿವರ್ ತೊಳೆಯುತ್ತೇವೆ ಎನ್ನುವ ಕಷಾಯ, ಪುಡಿ, ಟಾನಿಕ್ಕುಗಳು. ಅಮೃತಬಳ್ಳಿಯಿಂದಲೇ ಲಿವರ್ ಊದಿಕೊಂಡ ರೋಗಿಗಳ ವರದಿ 2021ರಲ್ಲಿ ಮುಂಬೈಯಿಂದ ಬಂದಿತು. ಇನ್ನು, ಔಷಧದ ಮಾತಿನ ಆಚೆಗೆ, ಲಿವರ್ ಎಷ್ಟು ಗಡುಸಾಗಿದೆ ಎಂಬ ಅಂದಾಜಿಗೆ ವಯಸ್ಸು, ಎರಡು ಲಿವರ್ ಕಿಣ್ವ, ಪ್ಲೇಟ್‌ಲೆಟ್ ಸಂಖ್ಯೆ ಸಾಕು. ಫಿಬ್-4 ಎಂಬ ಆ ಲೆಕ್ಕವನ್ನು ನಿಮ್ಮ ವೈದ್ಯರೇ ಹಾಕಿಕೊಡುತ್ತಾರೆ. 1.3ರ ಕೆಳಗೆ ಬಂದರೆ ಸದ್ಯಕ್ಕೆ ನಿರಾಳ.

2025ರ ಜೂನ್-ಜುಲೈಯಲ್ಲಿ ಹಾಸನ ಜಿಲ್ಲೆಯ ಸಾಲು ಸಾಲು ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಇಸಿಜಿಗೆ ಸಾಲು ನಿಂತರು. ಇಂದಿನ ಇಸಿಜಿ ಚೆನ್ನಾಗಿದ್ದರೆ ನಾಳಿನ ರಕ್ತನಾಳ ಚೆನ್ನಾಗಿರುತ್ತದೆ ಎಂಬ ಖಾತರಿ ಇಲ್ಲ. ಮುನ್ಸೂಚನೆ ಸೊಂಟದಲ್ಲಿ, ಬಿ.ಪಿ.ಯಲ್ಲಿ, ಲಿಪಿಡ್ ಪ್ರೊಫೈಲಿನಲ್ಲಿ ಇರುತ್ತದೆ. ಎದೆನೋವು ಬಂದೇ ಬಿಟ್ಟರೆ ಮಾತ್ರ ಇಸಿಜಿಗೆ ತಡ ಮಾಡಬಾರದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಕಲಬುರಗಿಯಲ್ಲಿ ಜಯದೇವದ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಗಿದೆ. ಬೀದರಿನಿಂದ ಅಲ್ಲಿಗೆ ರೈಲೂ ಇದೆ.

ಈ ಸಂಜೆ ಮನೆಗೆ ಹೋದ ಮೇಲೆ ಕಪಾಟಿನಲ್ಲಿರುವ ಸೋನೋಗ್ರಫಿ ವರದಿಯನ್ನೂ ಕೊನೆಯ ಸಲದ ರಕ್ತ ಪರೀಕ್ಷೆಯನ್ನೂ ಹೊರಗೆ ತೆಗೆಯಿರಿ. ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ, ಟೇಪಿನಿಂದ ಸೊಂಟ ಅಳೆದು, ಎರಡೂ ಅಂಕಿಗಳನ್ನು ವರದಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಭಾಗಲಬ್ಧ ಮೂರು ದಾಟಿದವರು, ಸೊಂಟ ಗಡಿ ಮೀರಿದವರು ಆ ಕಾಗದ ಹಿಡಿದು ಇದೇ ವಾರ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ‘ನನ್ನ ಹೃದಯ ನೋಡಿರಿ’ ಎಂದು ಕೇಳಿರಿ.